ಮೀಸೆಯ ಚೌಕಾಸಿ

“ಈ ಮೀಸೆ ಒಂದು ತೆಗೆದುಬಿಡಿ ಮೇಡಂ. ಮತ್ತೆ ನಂದೇನೂ ತಕರಾರಿಲ್ಲ,” ಎಂದು ಇದಿನಬ್ಬ ವ್ಯಂಗ್ಯಚಿತ್ರದ ಮೇಲೆ ಬೆರಳಿಟ್ಟರು.

ಗಲ್ಫಿನ ಸಲಾಲಾದಿಂದ ಊರಿಗೆ ಸಾಮಾನು ಕಳಿಸುವ ಕನ್ನಡಿಗರೆಲ್ಲ ಅವರ ಕಾರ್ಗೋ ಅಂಗಡಿಗೇ ಬರಬೇಕು. ಕನ್ನಡ ಬಳಗದ ಮಾಸಪತ್ರಿಕೆಯ ಹಿಂಬದಿಯ ಬಣ್ಣದ ಪುಟವೂ ಅವರದೇ. ಆ ಜಾಹೀರಾತಿಗೆ ಒಪ್ಪಿಗೆ ಪಡೆಯಲು ಹೋದ ಸಂಪಾದಕ ಸಚ್ಚಿದಾನಂದ, ಎಂದಿನ ಧಾರಾಳತನದಲ್ಲಿ ಇಡೀ ಸಂಚಿಕೆಯ ಕರಡನ್ನೇ ಮೇಜಿನ ಮೇಲಿಟ್ಟು ಚಹಾ ಕುಡಿದು ಬಂದಿದ್ದರು. ಅದರ ಮೂರನೇ ಪುಟದಲ್ಲಿತ್ತು ನೇತ್ರಾ ಬರೆದ ಚಿತ್ರ: ಗಲ್ಫಿನಿಂದ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿದೆ, ಒಳಗಿದ್ದ ತೊಟ್ಟಿಲ ಕೂಸಿನ ಅಂಗಿಯನ್ನು ಎದೆಗೆ ಹಿಡಿದು, ಮೀಸೆ ಬಂದ ಯುವಕ ಪೆಚ್ಚಾಗಿ ನಿಂತಿದ್ದಾನೆ. ಕೆಳಗೆ, ‘ಅತ್ತೆ ಕಳಿಸಿದ ಅಂಗಿ ಕೊನೆಗೂ ಬಂತು!’ ಅದನ್ನು ನೋಡಿದ್ದೇ ಇದಿನಬ್ಬ ಇಬ್ಬರನ್ನೂ ಅಂಗಡಿಗೆ ಕರೆಸಿದ್ದರು.

“ನಾ ಯಾರ ಹೆಸರೂ ಹಾಕಿಲ್ಲಲ್ರೀ,” ಎಂದಳು ನೇತ್ರಾ.

“ಹೆಸರು ಯಾಕೆ ಬೇಕು ಮಾರಾಯ್ರೆ? ಇಲ್ಲಿ ಕಾರ್ಗೋ ಅಂದ್ರೆ ಎಲ್ಲರೂ ನನ್ನ ಮುಖವೇ ನೋಡುದು. ಬೇಕಾದ್ರೆ ವಿಮಾನದವರ ಮೇಲೆ ಬರೀರಿ. ರಜೆ ಬಂದ್ರೆ ಟಿಕೆಟಿಗೆ ಬಾಯಿಗೆ ಬಂದದ್ದು ಕೇಳ್ತಾರೆ!”

ಸಚ್ಚಿದಾನಂದರ ಮುಖ ಅರಳಿತು. “ಚಲೋ ಐಡಿಯಾ ಅದ ನೋಡ್ರಿ. ವಿಮಾನದವ್ರು ನಮಗ ಜಾಹೀರಾತೂ ಕೊಡಂಗಿಲ್ಲ.”

“ಅಂದ್ರ ಜಾಹೀರಾತು ಕೊಡದವ್ರನ್ನ ನೋಡಿ ಅಷ್ಟ ನಗಬೇಕೇನ್ರೀ ಸರ?” ನೇತ್ರಾಳ ದನಿ ಗಡುಸಾಯಿತು.

ಅವಳ ಸಿಟ್ಟಿಗೆ ಕಾರಣವಿತ್ತು. ಹೆಸರಿಡುವ ದಿನ ಕೂಸಿಗೆ ಸೋದರತ್ತೆಯ ಅಂಗಿಯನ್ನೇ ತೊಡಿಸಬೇಕೆಂದು ಗದಗಿನ ಅಣ್ಣ ಹಟ ಹಿಡಿದಿದ್ದ. ಆರಿಸಿ ಆರಿಸಿ ಕೊಂಡ ಆ ಅಂಗಿ ಇದೇ ಅಂಗಡಿಯಿಂದ ಹೊರಟು, ಕೂಸು ಅಂಗಳದಲ್ಲಿ ಓಡಾಡುವ ಹೊತ್ತಿಗೆ ಮುಟ್ಟಿತ್ತು. ಪೆಟ್ಟಿಗೆ ಕಳಿಸಿದ ಪ್ರತಿ ಮನೆಯಲ್ಲೂ ಇಂಥದೇ ಒಂದು ಗೋಳು. ಆದರೆ ಪತ್ರಿಕೆಯಲ್ಲಿ ಈವರೆಗೆ ಒಂದಕ್ಷರ ಬಂದದ್ದಿಲ್ಲ. ಹಿಂಬದಿಯ ಪುಟ ಕೈಬಿಟ್ಟರೆ ಪತ್ರಿಕೆಯೇ ನಿಂತುಹೋದೀತೆಂಬ ಭಯ. ಆ ಭಯ ಅವಳಿಗೂ ಇತ್ತು. ಆದರೂ, ನಗುವುದಕ್ಕೂ ಅಪ್ಪಣೆ ಕೇಳುವ ಪತ್ರಿಕೆ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಅವಳು ಮನೆಯಿಂದಲೇ ಗಟ್ಟಿಮಾಡಿಕೊಂಡು ಬಂದಿದ್ದಳು.

ಇದಿನಬ್ಬ ವ್ಯಾಪಾರಸ್ಥರು, ಚೌಕಾಸಿಗೆ ಇಳಿದರು. “ಆಯ್ತು, ಮೀಸೆ ಇರಲಿ, ಸಣ್ಣ ಮಾಡಿ. ಇಲ್ಲದಿದ್ರೆ ಅಂಗಿಯನ್ನು ಸ್ವಲ್ಪ ದೊಡ್ಡ ಮಾಡಿ. ನಿಮ್ಮದೂ ಬೇಡ, ನಂದೂ ಬೇಡ.”

“ಅಷ್ಟ ಮಾಡಿಬಿಡ್ರಿ ನೇತ್ರಾ,” ಸಂಪಾದಕರು ಗೋಗರೆದರು. “ಎರಡು ಗೆರಿ ಅಳಿಸಿದ್ರ ಮುಗೀತು.”

“ಮೀಸಿ ಅಳಿಸಿದ್ರ ಪೆಟಗಿ ಲಗೂನ ಮುಟ್ಟತಾವೇನ್ರೀ ಸಾಹೇಬ್ರ?”

ಇದಿನಬ್ಬರಿಗೆ ನಗು ಬಂದೇಬಿಟ್ಟಿತು, ಕೆಮ್ಮಿ ನುಂಗಿಕೊಂಡರು. “ಅದೆಲ್ಲ ನಮ್ಮ ಕೈಯಲ್ಲಿ ಇಲ್ಲ. ಮೀಸೆ ಹೋಗದಿದ್ರೆ ಹಿಂದಿನ ಪುಟ ಖಲಾಸ್. ಕರಡು ಇಲ್ಲೇ ಇರಲಿ, ಯೋಚನೆ ಮಾಡಿ ಬನ್ನಿ,” ಎಂದು ವೈಟ್ನರ್ ಸೀಸೆಯನ್ನು ಅವಳ ಮುಂದೆ ತಳ್ಳಿದರು.

ನೇತ್ರಾ ಕರಡನ್ನು ತನ್ನತ್ತ ಎಳೆದುಕೊಂಡಳು. ಸಚ್ಚಿದಾನಂದ ನೆಮ್ಮದಿಯ ಉಸಿರು ಬಿಟ್ಟರು. ಅವಳು ಸೀಸೆಯನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಪೆನ್ನು ತೆಗೆದು, ಆ ಯುವಕನಿಗೆ ಗಲ್ಲದ ತುಂಬ ಗಡ್ಡ ಬರೆದಳು.

“ಹಿಂದಿನ ಪುಟ ನಿಮ್ಮದು ಸಾಹೇಬ್ರ, ಬ್ಯಾಡಂದ್ರ ತಗೋರಿ. ಇದು ನಂದು. ಇದನ್ನ ನಿಮ್ಮ ಟೇಬಲ್ ಮ್ಯಾಲ ಇಟಗೊಂಡಷ್ಟು ದಿನ ಇವಗ ವಯಸ್ಸ ಏರಕೋತನ ಹೋಗತೈತಿ. ಇವತ್ತ ಅಚ್ಚಿಗೆ ಬಿಟ್ರ ಗಡ್ಡಕ್ಕ ನಿಲ್ತಾನ.”