ಹಲಗೆ ನಿಂತರೆ ಮೆರವಣಿಗೆಯಲ್ಲ

ಆ ನಗರದ ಸಂಚಾರ ನಿಯಮದ ಪ್ರಕಾರ, ರಸ್ತೆಯಲ್ಲಿ ಒಂದು ನಿಮಿಷ ನಿಂತ ಮನುಷ್ಯನೂ 'ನಿಲ್ಲಿಸಿದ ವಾಹನ'ವೇ. ಅಂಥವರನ್ನು ಪೊಲೀಸರ ಗಾಡಿ ಕೊಕ್ಕೆ ಹಾಕಿ ಎತ್ತಿಕೊಂಡು ಹೋಗಿ ಊರಾಚೆ ಇಳಿಸಿ ಬರುತ್ತಿತ್ತು. ಹಾಗಾಗಿ ಜನ ನಡೆಯುತ್ತಲೇ ಸೊಪ್ಪು ಕೊಳ್ಳುತ್ತಿದ್ದರು, ನಡೆಯುತ್ತಲೇ ಜಗಳವಾಡುತ್ತಿದ್ದರು. ಎಲ್ಲಿ ಬೇಕಾದರೂ ನಿಲ್ಲುವ ಹಕ್ಕು ಮೆರವಣಿಗೆಗೆ ಮಾತ್ರ ಇತ್ತು. ಮೆರವಣಿಗೆ ಎಂದರೆ 'ವಾದ್ಯ ನುಡಿಯುತ್ತಿರುವ ಗುಂಪು' ಎಂದು ನಿಯಮದಲ್ಲೇ ಬರೆದಿದ್ದರು. ಅದರಿಂದಾಗಿ ಹಲಗೆ ಬಾರಿಸುವ ದುರಗಪ್ಪನಿಗೆ ಕೈತುಂಬ ಕೆಲಸ. ಚಪ್ಪಲಿ ಕಿತ್ತುಹೋದವರೂ ವಿಳಾಸ ಕೇಳಬೇಕಾದವರೂ ಅವನನ್ನೇ ಕೂಗುತ್ತಿದ್ದರು.

ಅಂದು ಮಧ್ಯಾಹ್ನ, ಸೊಪ್ಪು ಮಾರುವ ಮುದುಕಿ ಬಸಲವ್ವ ಬಿಸಿಲಿಗೆ ತಲೆ ತಿರುಗಿ ನಡುರಸ್ತೆಯಲ್ಲಿ ಬಿದ್ದಳು. ಜನ ಅಯ್ಯೋ ಎನ್ನುತ್ತ ಅವಳ ಸುತ್ತ ತಿರುಗಿದರು. ಬಗ್ಗಿ ಎತ್ತಬೇಕೆಂದರೆ ನಿಲ್ಲಬೇಕಲ್ಲ! ದುರಗಪ್ಪ ಯಾರೂ ಕರೆಯದೆಯೇ ಓಡಿಬಂದು ಹಲಗೆ ಬಾರಿಸತೊಡಗಿದ. ಕೂಡಲೇ ಎಲ್ಲರೂ ನಿಂತರು. ಒಬ್ಬಾಕೆ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸಿದಳು.

ಗಾಡಿಯಲ್ಲಿ ಬಂದ ಪೇದೆ ಹಲಗೆಯ ಸದ್ದು ಕೇಳಿ ಕೊಕ್ಕೆ ಕೆಳಗಿಟ್ಟ.

"ಕೈ ನಿಂದ್ರಸಬ್ಯಾಡೋ ಯಪ್ಪಾ. ಆಂಬುಲೆನ್ಸ್ ಬರೂತನಾ ಬಡಿ," ಎಂದು ಮೆಲ್ಲಗೆ ಹೇಳಿದ.

ಬೆರಳಿನ ಗುಳ್ಳೆ ಒಡೆದರೂ ದುರಗಪ್ಪ ಬಿಡಲಿಲ್ಲ.

ಕೊನೆಗೆ ಬಸಲವ್ವ ಕಣ್ಣು ಬಿಟ್ಟಳು. ಮಂಪರಿನಲ್ಲಿ ಅವಳಿಗೆ ತನ್ನ ಓಣಿಯಲ್ಲೇ ಇದ್ದಂತಿತ್ತು; ಅಲ್ಲಿ ಹಲಗೆ ಕೇಳುತ್ತಿದ್ದದ್ದು ಹೆಣ ಎತ್ತುವಾಗ ಮಾತ್ರ.

"ಯಾರು ಹೋದ್ರೋ, ದುರಗಪ್ಪಾ?"

"ಯಾರೂ ಹೋಗಿಲ್ಲಬೇ ಯವ್ವಾ. ಹೋಗಬಾರ್ದಂತನ ಬಡಿಯಾಕತ್ತೀನಿ."