ಆಗಸ್ಟ್ ತಿಂಗಳ ಪಿಸ್ತೂಲು

ಪಿಸ್ತೂಲಿನ ಬಲಮಗ್ಗುಲಲ್ಲಿ ಕೊರೆದಿದ್ದ ಅಂಕಿಗಳ ಮೇಲೆ ಭೂತಗನ್ನಡಿ ಹಿಡಿದಿದ್ದ ಡೆಲ್ಬರ್ಟ್ ಥಟ್ಟನೆ ತಲೆಯೆತ್ತಿದ. ಜಪಾನಿ ಸೇನೆಯ ಹಳೆಯ ಪಿಸ್ತೂಲುಗಳನ್ನು ಕೊಳ್ಳಲು ಅಮೆರಿಕದ ಓಹಿಯೋದ ಊರೂರು ಅಲೆದಿದ್ದ ಅವನು ನಕಲಿ ಮಾಲನ್ನೂ ಕಂಡಿದ್ದ, ಸುಳ್ಳು ಕಥೆಗಳನ್ನೂ ಕೇಳಿದ್ದ.

“ಇದು ನಿಮಗೆ ಯಾವಾಗ ಸಿಕ್ತು ಅಂದ್ರಿ, ಯಜಮಾನ್ರೇ?”

“ನಲವತ್ತೈದರ ಜನವರಿ, ಫಿಲಿಪ್ಪೀನ್ಸಿನ ಲುಜಾನ್ ಕಾಳಗ,” ಎಂದ ಮುದುಕ ಆರ್ವಿಲ್. “ಅವರ ಅಧಿಕಾರಿಯೊಬ್ಬನನ್ನ ಕೊಂದು ಕಿತ್ಕೊಂಡೆ.”

ಈ ಕಥೆಯನ್ನು ನೂರು ಸಲ ಕೇಳಿದ್ದ ಮಗಳು ನಡೀನ್, ಕಾಫಿ ಬಗ್ಗಿಸುತ್ತಲೇ ಮುಖ ತಿರುಗಿಸಿದಳು.

“ಇದರ ಮೇಲಿರೋದು ಇದು ತಯಾರಾದ ತಾರೀಖು, ಅದೇ ವರ್ಷದ ಆಗಸ್ಟ್ ತಿಂಗಳದ್ದು,” ಎಂದ ಡೆಲ್ಬರ್ಟ್. “ಯುದ್ಧ ನಿಂತ ತಿಂಗಳು. ಇಂಥದ್ದು ಸಿಗೋದೇ ಅಪರೂಪ. ಜನವರಿಯಲ್ಲಿ ಇದು ಹುಟ್ಟೇ ಇರ್ಲಿಲ್ಲ. ನಿಜ ಹೇಳಿ, ಯಾರ ಮನೇಲಿ ಕದ್ರಿ?”

ಆರ್ವಿಲ್ ಮಗಳ ಕಡೆ ತಿರುಗಿದ.

“ಕದ್ದಿಲ್ಲಪ್ಪ. ನಾನು ಸೈನ್ಯದಲ್ಲಿ ಅಡುಗೆಯವನಾಗಿದ್ದೆ. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಶರಣಾದವರ ಪಿಸ್ತೂಲುಗಳನ್ನ ರಾಶಿ ಹಾಕಿ, ತಲೆಗೊಂದು ತಗೊಳ್ಳಿ ಅಂದ್ರು. ನಾನು ಯಾರನ್ನೂ ಕೊಂದಿಲ್ಲ, ನಡೀನ್. ಒಂದು ಗುಂಡೂ ಹಾರಿಸಿಲ್ಲ.”

ಇನ್ನೇನು ಮಗಳು ಸಿಡಿಯುತ್ತಾಳೆ ಎಂದುಕೊಂಡ ಡೆಲ್ಬರ್ಟ್. ಅವಳು ಅಪ್ಪನ ಪಕ್ಕ ಕುಳಿತು, ಅವನ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಮೊದಲೇ ಹೇಳಬಾರದಿತ್ತಾ ಅಪ್ಪ? ಚಿಕ್ಕವಳಿದ್ದಾಗ ಈ ಕೈ ಮುಟ್ಟೋಕೂ ಹೆದರ್ತಿದ್ದೆ.”