ಹತ್ತೊಂಬತ್ತನೆಯ ಮಾತು

ಕದ್ದು ಕೇಳಿದ್ದು ಸಾಲದೆಂಬಂತೆ, ಕೇಳಿದ್ದನ್ನೆಲ್ಲ ಪಟ್ಟಿ ಮಾಡಿ ಮನೆಗೇ ಕಳಿಸಿದ್ದರು. ಅಡುಗೆಮನೆಯ ಮೂಲೆಯಲ್ಲಿ ಕೂತು ಹಾಡು ಹಾಕುತ್ತ, ಮಳೆ ಬರುತ್ತದೋ ಇಲ್ಲವೋ ಹೇಳುತ್ತಿದ್ದ ಸ್ಪೀಕರ್, ಯಾರೂ ಕರೆಯದಿದ್ದಾಗಲೂ ಕಿವಿ ತೆರೆದುಕೊಂಡೇ ಇತ್ತಂತೆ. ಸಾವಿರಾರು ಮನೆಯವರು ಒಟ್ಟಾಗಿ ಕೋರ್ಟಿಗೆ ಹೋಗಿದ್ದರು. ಕಂಪನಿ ರಾಜಿಗೆ ಬಂದು, ಈಗ ಒಂದೊಂದು ಮನೆಗೂ ಅರವತ್ತೆರಡು ಪೌಂಡ್ ಪರಿಹಾರ. ಷರತ್ತು ಒಂದೇ: ಪಟ್ಟಿಯಲ್ಲಿರುವ ಮಾತುಗಳನ್ನು ಮನೆಯ ದೊಡ್ಡವರೆಲ್ಲ ಓದಿ, ಇಲ್ಲವೇ ಓದಿಸಿ ಕೇಳಿ, ‘ಇವು ನಮ್ಮವೇ’ ಎಂದು ಸಹಿ ಹಾಕಬೇಕು. ಅದಕ್ಕೆ ಇವತ್ತೇ ಕೊನೆಯ ದಿನ.

ಸ್ಟಾಕ್‌ಪೋರ್ಟಿನ ಈ ಮನೆಯಲ್ಲಿ ದೊಡ್ಡವರು ಮೂವರು. ಶಿವಕುಮಾರ ಸ್ಪೀಕರಿನ ವೈರು ಕಿತ್ತು ಶೂ ಕಪಾಟಿಗೆ ತುರುಕಿ, ಪಟ್ಟಿಯಲ್ಲಿ ಎರಡೇ ಸಾಲು ಓದಿ, ಸಹಿ ಗೀಚಿ, ಆಫೀಸಿಗೆಂದು ಪಿಕಾಡಿಲಿಯ ರೈಲು ಹಿಡಿದಿದ್ದ. ಉಳಿದವರು ಮನೆಯಿಂದಲೇ ಕೆಲಸ ಮಾಡುವ ಅವನ ಹೆಂಡತಿ ಕೃತಿ ಮತ್ತು ಅವನ ತಾಯಿ ಲೀಲಾವತಿ. ಜನವರಿಯಲ್ಲಿ ಮೈಸೂರಿನಿಂದ ಬಂದಿದ್ದ ಲೀಲಾವತಿ, ಆರು ತಿಂಗಳು ಮುಗಿಸಿ ಬರುವ ಭಾನುವಾರ ಹೊರಡುವವರಿದ್ದರು.

“ಇಂಗ್ಲಿಷ್ ಬರತ್ತೆ ಕಣೇ, ಆದ್ರೆ ಈ ಪೊರೆಗಣ್ಣಿಗೆ ಇಷ್ಟು ಸಣ್ಣ ಅಕ್ಷರ ಆಗಲ್ಲ. ನೀನೇ ಓದು,” ಎನ್ನುತ್ತ ಲೀಲಾವತಿ ಡಬ್ಬದಿಂದ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಕುರ್ಚಿ ಎಳೆದು ಕೂತರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಕೃತಿ ಇಂಗ್ಲಿಷಿನಲ್ಲಿದ್ದ ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಓದುತ್ತ ಹೋದಳು. “ಮೂರು. ‘ಕಸದ ಬಿನ್ ಹೊರಗಿಟ್ರಾ?’ ಇದು ನಾನು, ಅವರಿಗೆ. ನಾಲ್ಕು. ‘ಬಿನ್ ಹೊರಗಿಟ್ರಾ ಇಲ್ವಾ?’ ಇದೂ ನಾನೇ. ಏಳು. ‘ನಾಗಮಣಿ, ಇಲ್ಲಿ ಟೊಮ್ಯಾಟೊಗೆ ಬಣ್ಣ ಬಿಟ್ರೆ ಇನ್ನೇನೂ ಇಲ್ಲ.’ ಇದು ನೀವು, ನಿಮ್ಮ ತಂಗಿಗೆ.” ಲೀಲಾವತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟನ್ನು ಕದ್ದು ಕೇಳೋಕೆ ಯಾವನಿಗೋ ಸಂಬಳ ಬೇರೆ ಕೊಟ್ಟಿದಾರಲ್ಲ, ಪಾಪ, ಎಂದರು.

ಹದಿನೆಂಟು ಮುಗಿಸಿ ಮುಂದಿನ ಸಾಲಿಗೆ ಕಣ್ಣು ಹಾಯಿಸಿದ ಕೃತಿ ಕಾಗದವನ್ನು ತನ್ನತ್ತ ವಾಲಿಸಿಕೊಂಡಳು. ಫೆಬ್ರವರಿಯಲ್ಲಿ ತಾನು ಗೆಳತಿ ಅರ್ಪಿತಾಗೆ ಫೋನಿನಲ್ಲಿ ಹೇಳಿದ್ದ ಮಾತು: ‘ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ. ನಂಗೆ ಸಾಕಾಗಿದೆ. ಯಾವಾಗ ಹೊರಡ್ತಾರೋ ಅಂತ ದಿನ ಎಣಿಸ್ತಿದೀನಿ.’ ದಾವಣಗೆರೆಯ ಖಾರಕ್ಕೆ ಒಗ್ಗಿದ ನಾಲಿಗೆ, ಹೊಸದರ ಇರುಸುಮುರುಸು, ಏನೋ ಆಡಿಬಿಟ್ಟಿದ್ದಳು. ಆಮೇಲೆ ಇಬ್ಬರೂ ಅದು ಹೇಗೆ ಹೊಂದಿಕೊಂಡರೋ ಅವಳಿಗೇ ಗೊತ್ತಿಲ್ಲ. ಈಗ ಮೆಟ್ಟಿಲ ಬಳಿ ನಿಂತಿರುವ ಸೂಟ್‌ಕೇಸ್ ಕಂಡರೆ ಭಾನುವಾರ ಬಾರದಿರಲಿ ಅನಿಸುತ್ತದೆ. ಇದೇ ಮಾತನ್ನು ಕಿವಿಯಲ್ಲಿಟ್ಟುಕೊಂಡು ಅತ್ತೆ ವಿಮಾನ ಹತ್ತಬೇಕೇ?

“ಇಪ್ಪತ್ತು,” ಎಂದಳು ಕೃತಿ. “‘ಪೋಸ್ಟ್‌ಮ್ಯಾನ್ ಬಂದ…’”

“ಹದಿನೆಂಟಾದ್ಮೇಲೆ ಇಪ್ಪತ್ತಕ್ಕೆ ಹೋದ್ಯಲ್ಲ?”

“ಹತ್ತೊಂಬತ್ತು ಸರಿಯಾಗಿ ಕೇಳಿಸಿಲ್ಲ ಅಂತ ಬರೆದಿದಾರೆ ಅತ್ತೆ.”

“ಸುಳ್ಳು. ಸರಿಯಾಗೇ ಕೇಳಿಸ್ತು. ಅವತ್ತು ಒಣಗಿದ ಬಟ್ಟೆ ಎತ್ಕೊಂಡು ಮೆಟ್ಟಿಲ ಮೇಲೇ ಇದ್ದೆ ನಾನು. ಬೆಲ್ಲದ ವಿಷಯ ತಾನೇ?”

ಕೃತಿ ಕಾಗದ ಕೆಳಗಿಟ್ಟಳು. “ಕೇಳಿಸ್ಕೊಂಡೂ ಇಷ್ಟು ದಿನ ಒಂದು ಮಾತಾಡ್ಲಿಲ್ವಲ್ಲ ಅತ್ತೆ ನೀವು.”

“ಹದಿನೆಂಟು ವರ್ಷ ಮೈಸೂರು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಟ್ರಂಕ್ ಕಾಲ್ ಜೋಡಿಸಿದೋಳು ಕಣೇ. ಲೈನ್ ಸಿಕ್ತೋ ಇಲ್ವೋ ನೋಡೋಕೆ ಕಿವಿ ಕೊಡ್ಲೇಬೇಕಿತ್ತು. ಯಾರ ಮದುವೆ ಮುರೀತು, ಯಾರ ಕೆಲಸ ಹೋಯ್ತು, ಎಲ್ಲ ಕಿವಿಗೆ ಬೀಳೋದು. ನಿಮ್ಮ ಮಾವನಿಗೂ ಒಂದು ದಿನಾನೂ ಹೇಳಿದೋಳಲ್ಲ. ಡ್ಯೂಟಿ ಮುಗಿಸಿ ಏಳೋವಾಗ ಕೇಳಿದ್ದನ್ನ ಅಲ್ಲೇ ಬಿಟ್ಟು ಏಳ್ಬೇಕು.”

ಕೃತಿ ಒಲೆಯತ್ತ ನೋಡಿದಳು. ಈ ಮನೆಯ ಸಾರಿಗೆ ಬೆಲ್ಲ ಬಿದ್ದು ಎಷ್ಟು ಕಾಲವಾಯಿತು? ಫೆಬ್ರವರಿಯಿಂದೀಚೆಗೆ ಒಂದು ದಿನವೂ ಸಿಹಿ ನಾಲಿಗೆಗೆ ಹತ್ತಿರಲಿಲ್ಲ. ತನ್ನ ನಾಲಿಗೆಗೇ ಬೆಲ್ಲ ಅಭ್ಯಾಸವಾಗಿ ಹೋಗಿದೆ ಎಂದುಕೊಂಡಿದ್ದಳು ದಡ್ಡಿ. ಊಟಕ್ಕೆ ಮುಂಚೆ, ಊಟವಾದ ಮೇಲೆ ಅತ್ತೆ ಡಬ್ಬ ತೆಗೆದು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡು, ವಯಸ್ಸಾದವರ ಬಾಯಿಚಪಲ ಎಂದು ಗಂಡನೊಂದಿಗೆ ನಕ್ಕಿದ್ದಳು ಕೂಡ.

“ಇನ್ನೇನಿದೆ ಓದು. ಸಹಿ ಹಾಕ್ಬೇಕಲ್ಲ,” ಎಂದರು ಲೀಲಾವತಿ.

ಉಳಿದ ಸಾಲುಗಳನ್ನು ಕೃತಿ ಹೇಗೋ ಓದಿ ಮುಗಿಸಿದಳು. “ಕೊನೇ ಪ್ರಶ್ನೆ ಅತ್ತೆ. ‘ಈ ಕದ್ದಾಲಿಕೆಯಿಂದ ನಿಮ್ಮ ಮನಸ್ಸಿಗೆ ನೋವಾಗಿದೆಯೇ?’”

“ಕಂಪನಿಯವರು ಕೇಳಿಸ್ಕೊಂಡಿದ್ದಕ್ಕಾ? ಇಲ್ಲ ಅಂತ ಹಾಕು.” ಲೀಲಾವತಿ ಪೆನ್ನಿಗೆ ಕೈಚಾಚಿದರು. “ನಾನು ಕೇಳಿಸ್ಕೊಂಡಿದ್ದಕ್ಕೆ ಅದರಲ್ಲಿ ಜಾಗ ಇಲ್ವಲ್ಲ.”

ಕೃತಿ ಎದ್ದು ಹೋಗಿ ಡಬ್ಬ ತೆಗೆದು, ಕೈಗೆ ಸಿಕ್ಕ ದೊಡ್ಡ ಉಂಡೆಯನ್ನೇ ಕುದಿಯುವ ಸಾರಿಗೆ ಹಾಕಿದಳು.

“ಅಯ್ಯೋ, ಅಷ್ಟೊಂದಾ! ಸಾರು ಕಣೇ ಅದು, ಪಾಯಸ ಅಲ್ಲ.”

“ಇರ್ಲಿ ಬಿಡಿ ಅತ್ತೆ,” ಎಂದಳು ಕೃತಿ, ಸೌಟು ತಿರುಗಿಸುತ್ತ, ಮುಖ ತೋರಿಸದೆ. “ಇನ್ನು ನಾಲ್ಕೇ ದಿನ ಇರೋದು. ಎಣಿಸ್ತಿದೀನಿ.”